ಬೆಟ್ಟಕ್ಕೆ ಹೋಗುವ ಶುಕ್ರವಾರ

"ಅಜ್ಜಿ, ನಾನೂ ಬೆಟ್ಟಕ್ಕೆ ಬತ್ತೀನಿ."

"ನೀನು ಬೆಟ್ಟಕ್ಕೆ ಹೋದ್ರೆ ಪರೀಕ್ಷೆ ಬರೆಯೋರು ಯಾರೇ? ಸುಮ್ನೆ ಕೂತ್ಕೊಂಡು ಓದು" ಎಂದು ಅಡುಗೆಮನೆಯಿಂದ ತಾಯಿ.

"ಓದು ಎಲ್ಲಿಗೂ ಓಡೋಗಲ್ಲ ಕಣವ್ವ. ಸ್ವಾಮಿ ಶಿಲುಬೆ ಹೊತ್ತ ದಿವಸ ಮೊಮ್ಮಗಳನ್ನ ಮನೇಲಿ ಬಿಟ್ಟು ನಾನೊಬ್ಳೇ ಹೋಗ್ಲಾ?" ಎಂದು ಅಜ್ಜಿ.

ತಂದೆ ಪೇಪರಿನ ಹಿಂದೆ ಅಡಗಿ ಕೂತಿದ್ದಾರೆ. ಯಾರ ಪರವಾಗಿ ಮಾತನಾಡಿದರೂ ಮಧ್ಯಾಹ್ನದ ಊಟ ಕೆಡುತ್ತದೆ ಎಂಬುದು ಅವರ ಅನುಭವ.

ಕನಕಪುರ ತಾಲ್ಲೂಕಿನ ಕಥೋಲಿಕ ಮನೆಗಳಲ್ಲಿ, ಅದರಲ್ಲೂ ಎಸ್ಸೆಸ್ಸೆಲ್ಸಿ ಓದುವ ಮಕ್ಕಳಿರುವ ಮನೆಗಳಲ್ಲಿ, ಇಂಥ ಮಾತುಕತೆ ಹೊಸದಲ್ಲ. ಶುಭ ಶುಕ್ರವಾರ ಬರುವುದೇ ಪರೀಕ್ಷೆಯ ಕಾಲದಲ್ಲಿ. ಅದಕ್ಕೆ ಚಂದ್ರನೇ ಕಾರಣ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಈಸ್ಟರ್. ಅದಕ್ಕೆ ಎರಡು ದಿನ ಮುಂಚೆ ಶುಭ ಶುಕ್ರವಾರ. ಹೀಗೆ ಲೆಕ್ಕ ಹಾಕಿದರೆ ಈಸ್ಟರ್ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಎಲ್ಲಾದರೂ ಬೀಳಬಹುದು. 2025ರಲ್ಲಿ ಶುಭ ಶುಕ್ರವಾರ ಏಪ್ರಿಲ್ 18ಕ್ಕೆ ಬಂದು ಮಕ್ಕಳನ್ನು ಕಾಪಾಡಿತು. 2024ರಲ್ಲಿ ಮಾತ್ರ ಅದು ಮಾರ್ಚ್ 29ಕ್ಕೇ ಬಂತು. ಆ ವರ್ಷದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 25ಕ್ಕೆ ಶುರುವಾಗಿ ಏಪ್ರಿಲ್ 6ಕ್ಕೆ ಮುಗಿಯಿತು. ಎರಡು ಪತ್ರಿಕೆಗಳ ನಡುವೆ ಬೆಟ್ಟ ಎದ್ದು ನಿಂತ ಹಾಗಾಯಿತು.

ಬೆಟ್ಟ ಎಂದರೆ ಕಪಾಲಬೆಟ್ಟ. ಕನಕಪುರದಿಂದ ದಕ್ಷಿಣಕ್ಕೆ, ಅರ್ಕಾವತಿ ನದಿ ಸಂಗಮದ ಕಡೆಗೆ ಇಳಿಯುವ ದಾರಿಯಲ್ಲಿ ಹಾರೋಬೆಲೆ ಎಂಬ ಊರಿದೆ. ಊರಿನ ಹೆಸರು ಹೊರಗಿನವರಿಗೆ ಗೊತ್ತಿರುವುದು ಅಲ್ಲಿನ ಜಲಾಶಯದಿಂದ. ಆದರೆ ಕರ್ನಾಟಕದ ಕಥೋಲಿಕರಿಗೆ ಹಾರೋಬೆಲೆ ಎಂದರೆ ಬಹುಪಾಲು ಕ್ರೈಸ್ತರೇ ಇರುವ ಹಳೆಯ ಕನ್ನಡದ ಹಳ್ಳಿ. ರೇಷ್ಮೆ, ರಾಗಿ, ದನಕರು ನೋಡಿಕೊಂಡಿರುವ ರೈತಾಪಿ ಜನ. ಹದಿನೇಳನೆಯ ಶತಮಾನದ ನಡುವೆ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಮೈಸೂರು ಮಿಷನ್ನಿಗೆ ಬುನಾದಿ ಹಾಕಿದರು. ಹಳೆ ಮೈಸೂರಿನ ಹಳ್ಳಿಗಾಡಿನ ಕಥೋಲಿಕರ ಕತೆ ಅಲ್ಲಿಂದ ಆರಂಭವಾಗುತ್ತದೆ. ಇವರ ಮನೆಮಾತು ಕನ್ನಡ, ಇವರ ಪ್ರಾರ್ಥನೆ ಕನ್ನಡ, ಇವರ ಅಜ್ಜಿಯರ ಜಗಳವೂ ಕನ್ನಡವೇ.

ಈ ಊರಿನ ಜನ ಯೇಸುವಿನ ಕೊನೆಯ ದಿನಗಳ ಕತೆಯನ್ನು ತಾವೇ ಬಣ್ಣ ಹಚ್ಚಿಕೊಂಡು ಆಡುತ್ತಾರೆ. ಅದಕ್ಕೆ 'ಮಹಿಮೆ' ಎಂದು ಹೆಸರು. ನಾಟಕದ ಕಂಪನಿ ಇಲ್ಲ, ಸಂಬಳದ ನಟರಿಲ್ಲ. ಹಗಲು ಹೊಲದಲ್ಲಿದ್ದವನು ರಾತ್ರಿ ಪಿಲಾತನಾಗುತ್ತಾನೆ. ಜರ್ಮನಿಯ ಬವೇರಿಯಾದ ಒಬರಾಮರ್ಗೌ ಹಳ್ಳಿಯಲ್ಲೂ ಇಂಥದೇ ಒಂದು ನಾಟಕ ಉಂಟು. 1633ರಲ್ಲಿ ಪ್ಲೇಗಿಗೆ ಹೆದರಿದ ಆ ಊರಿನವರು ಹರಕೆ ಹೊತ್ತು, 1634ರಲ್ಲಿ ಮೊದಲ ಸಲ ಆಡಿದರು. ಈಗಲೂ ಹತ್ತು ವರ್ಷಕ್ಕೊಮ್ಮೆ ಆಡುತ್ತಾರೆ. 2020ರಲ್ಲಿ ಆಡಬೇಕಿದ್ದ ನಾಟಕ ಕೊರೋನಾ ಕಾರಣದಿಂದ 2022ಕ್ಕೆ ಹೋಯಿತು. ಒಂದು ಪಿಡುಗಿನಿಂದ ಹುಟ್ಟಿದ ಹರಕೆಯನ್ನು ಇನ್ನೊಂದು ಪಿಡುಗು ಮುಂದೂಡಿತು. ಅಲ್ಲಿಗೆ ದೇಶದೇಶಗಳಿಂದ ಟಿಕೆಟ್ಟು ಕೊಂಡು ಬರುತ್ತಾರೆ. ಹಾರೋಬೆಲೆ ಕನಕಪುರದಿಂದ ಒಂದು ಬಸ್ಸಿನ ದೂರದಲ್ಲಿದ್ದರೂ ಅದರ ಹೆಸರು ಕೇಳದ ಕಾಲೇಜು ಹುಡುಗರು ಕನಕಪುರದಲ್ಲೇ ಸಿಗುತ್ತಾರೆ.

ಹಾರೋಬೆಲೆ ಬಳಿಯ ಕಪಾಲಬೆಟ್ಟಕ್ಕೆ ಭಕ್ತರು ಶಿಲುಬೆ ಹೊತ್ತು ಹತ್ತುತ್ತಾರೆ. ಯೇಸುವನ್ನು ಶಿಲುಬೆಗೇರಿಸಿದ ಜಾಗದ ಹೆಸರು ಗೊಲ್ಗೊಥಾ; ಅರಾಮಿಕ್ ಭಾಷೆಯಲ್ಲಿ ಅದಕ್ಕೆ ತಲೆಬುರುಡೆ, ಅಂದರೆ ಕಪಾಲ ಎಂದು ಅರ್ಥ. ಲ್ಯಾಟಿನ್ನಿನ ಕಲ್ವಾರಿಯೂ ಅದೇ. ಕ್ರೈಸ್ತರಿಗೆ ಬೆಟ್ಟದ ಹೆಸರಿನಲ್ಲೇ ಜೆರುಸಲೇಮು ಕಾಣುತ್ತದೆ. ಇದೇ ಹೆಸರನ್ನು ಬೇರೆಯವರು ಬೇರೆ ರೀತಿ ವಿವರಿಸುತ್ತಾರೆ. 2019ರ ಡಿಸೆಂಬರ್ 25ರಂದು ಇಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಅಡಿಗಲ್ಲು ಹಾಕಿದ ಮೇಲೆ ಬೆಟ್ಟ ಯಾರದು ಎಂಬ ವಾದ ಎದ್ದು, ಮೆರವಣಿಗೆ, ಪ್ರತಿಭಟನೆ, ನ್ಯಾಯಾಲಯದವರೆಗೂ ಹೋಯಿತು. ಟೀವಿಯವರು ಬಂದು ಹೋದರು. ಅದಕ್ಕೆ ಮುಂಚೆಯೂ ಬೆಟ್ಟ ಹತ್ತುತ್ತಿದ್ದ ಅಜ್ಜಿಯರಿಗೆ ಪ್ರತಿಮೆ ಬೇಕೇಬೇಕು ಎಂದೇನೂ ಇರಲಿಲ್ಲ.

ಬೆಟ್ಟ ಹತ್ತುವಾಗ ಮಾಡುವ ಪ್ರಾರ್ಥನೆಗೆ ಶಿಲುಬೆ ಹಾದಿ ಎಂದು ಹೆಸರು. ಯೇಸುವಿಗೆ ಮರಣದಂಡನೆ ವಿಧಿಸಿದ್ದರಿಂದ ಸಮಾಧಿ ಮಾಡಿದವರೆಗೆ ಹದಿನಾಲ್ಕು ಸ್ಥಳಗಳು. ಒಂದೊಂದು ಸ್ಥಳದಲ್ಲಿ ನಿಂತು, ಮೊಣಕಾಲೂರಿ, ಆ ಘಟನೆಯನ್ನು ನೆನೆದು ಮುಂದೆ ಸಾಗಬೇಕು. ಇದು ಹುಟ್ಟಿದ ರೀತಿ ಕುತೂಹಲದ್ದು. ಜೆರುಸಲೇಮಿಗೆ ಹೋಗಿ ಆ ಬೀದಿಗಳಲ್ಲಿ ನಡೆಯುವುದು ಎಲ್ಲರಿಗೂ ಸಾಧ್ಯವಿರಲಿಲ್ಲ. ಹಣವಿರಲಿಲ್ಲ, ದಾರಿಯಲ್ಲಿ ಯುದ್ಧವಿತ್ತು. 1342ರಿಂದ ಆ ಪವಿತ್ರ ಸ್ಥಳಗಳ ಪಾಲನೆ ವಹಿಸಿಕೊಂಡಿದ್ದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಅಲ್ಲಿನ ಹಾದಿಯನ್ನು ಊರೂರಿನ ಚರ್ಚುಗಳಿಗೆ ತಂದರು. 1731ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟ್ ಸ್ಥಳಗಳ ಸಂಖ್ಯೆಯನ್ನು ಹದಿನಾಲ್ಕಕ್ಕೆ ನಿಲ್ಲಿಸಿ, ಎಲ್ಲ ಚರ್ಚುಗಳಲ್ಲೂ ಇಟ್ಟುಕೊಳ್ಳಲು ಅನುಮತಿ ಕೊಟ್ಟರು. ಎಂದರೆ ಕಪಾಲಬೆಟ್ಟ ಹತ್ತುವ ರೈತ, ಜೆರುಸಲೇಮಿಗೆ ಹೋಗಲಾರದವರಿಗಾಗಿ ಮಾಡಿದ ಯಾತ್ರೆಯನ್ನೇ ಮಾಡುತ್ತಿದ್ದಾನೆ.

ಈಗ ಅಜ್ಜಿಗೂ ತಾಯಿಗೂ ಬಹುಶಃ ಗೊತ್ತಿಲ್ಲದ ಒಂದು ಸಂಗತಿ. ಶುಭ ಶುಕ್ರವಾರದಂದು ಕಥೋಲಿಕರ ಯಾವ ಚರ್ಚಿನಲ್ಲೂ ಬಲಿಪೂಜೆ ಇಲ್ಲ. ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲೂ ಇಲ್ಲ, ಹಾರೋಬೆಲೆಯಲ್ಲೂ ಇಲ್ಲ. ವರ್ಷವೆಲ್ಲ ದಿನವೂ ನಡೆಯುವ ಪೂಜೆ ಅಂದು ನಿಲ್ಲುತ್ತದೆ. ಪೀಠದ ಮೇಲೆ ಬಟ್ಟೆ ಇರುವುದಿಲ್ಲ, ಮೇಣದ ಬತ್ತಿ ಇರುವುದಿಲ್ಲ, ಗಂಟೆ ಬಾರಿಸುವುದಿಲ್ಲ. ಹಲವೆಡೆ ಗಂಟೆಯ ಬದಲು ಮರದ ಹಲಗೆ ಬಡಿಯುತ್ತಾರೆ. ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ನಡೆಯುವುದು ಬೇರೆಯದೇ ಆರಾಧನೆ: ಸಂತ ಯೊವಾನ್ನರು ಬರೆದ ಪಾಡುಗಳ ವೃತ್ತಾಂತ ಓದುತ್ತಾರೆ, ಲೋಕದ ಎಲ್ಲರಿಗಾಗಿ ಹತ್ತು ಪ್ರಾರ್ಥನೆಗಳನ್ನು ಸಲ್ಲಿಸುತ್ತಾರೆ, ಶಿಲುಬೆಗೆ ಮುತ್ತಿಡುತ್ತಾರೆ, ಗುರುವಾರದ ಪೂಜೆಯಲ್ಲಿ ಅರ್ಪಿಸಿ ಇಟ್ಟಿದ್ದ ಪರಮಪ್ರಸಾದವನ್ನು ಹಂಚುತ್ತಾರೆ. ಎಲ್ಲರೂ ಮಾತಿಲ್ಲದೆ ಚದುರುತ್ತಾರೆ.

ಇನ್ನೂ ಒಂದು. ಶುಭ ಶುಕ್ರವಾರದ ಆರಾಧನೆಗೆ ಹೋಗಲೇಬೇಕು ಎಂಬ ಕಟ್ಟಳೆ ಇಲ್ಲ. ಬೆಟ್ಟಕ್ಕಂತೂ ಇಲ್ಲವೇ ಇಲ್ಲ. 1983ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆ ಕಡ್ಡಾಯ ಎನ್ನುವುದು ಭಾನುವಾರದ ಪೂಜೆಯನ್ನು, ಅದರ ಜೊತೆಗೆ ಕ್ರಿಸ್ಮಸ್ಸಿನಂಥ ಕೆಲವು ಹಬ್ಬಗಳನ್ನು. ಶನಿವಾರ ಸಂಜೆ ಪೂಜೆಗೆ ಹೋದರೂ ಭಾನುವಾರದ ಲೆಕ್ಕಕ್ಕೆ ಸಲ್ಲುತ್ತದೆ. ಕಾಯಿಲೆ ಬಿದ್ದವರಿಗೆ, ಎಳೆ ಮಗುವನ್ನು ನೋಡಿಕೊಳ್ಳುವವರಿಗೆ ಅದರಿಂದಲೂ ವಿನಾಯಿತಿ ಇದೆ. ತಕ್ಕ ಕಾರಣವಿದ್ದರೆ ಆಯಾ ಧರ್ಮಕೇಂದ್ರದ ಗುರುಗಳು ವಿನಾಯಿತಿ ಕೊಡಬಹುದು.

ಜನರ ತಕ್ಕಡಿಯಲ್ಲಿ ಇದು ತಿರುಗುಮುರುಗು. ಬೆಟ್ಟ ತಪ್ಪಿದರೆ ವರ್ಷವೆಲ್ಲ ಮನಸ್ಸು ಕುಟುಕುತ್ತದೆ. ಭಾನುವಾರ ತಪ್ಪಿದರೆ "ಬರೋ ವಾರ ಹೋದ್ರಾಯ್ತು" ಎಂದು ಮಗ್ಗುಲು ಬದಲಾಯಿಸುತ್ತಾರೆ. ಟ್ಯೂಷನ್ ಭಾನುವಾರ ಬೆಳಿಗ್ಗೆಯೇ ಇದ್ದರೆ ಯಾವ ತಾಯಿಯೂ ತಡೆಯುವುದಿಲ್ಲ.

ಈ ತಿರುಗುಮುರುಗು ಚೆನ್ನಾಗಿ ಕಾಣುವುದು ವೇಳಾಂಕಣ್ಣಿಯ ಬಸ್ಸಿನಲ್ಲಿ. ತಮಿಳುನಾಡಿನ ನಾಗಪಟ್ಟಣದ ಹತ್ತಿರ ಸಮುದ್ರದ ದಂಡೆಯ ಮೇಲಿರುವ ಆರೋಗ್ಯ ಮಾತೆಯ ಕ್ಷೇತ್ರ ಕನ್ನಡನಾಡಿನ ಕಥೋಲಿಕರಿಗೂ ತವರಿದ್ದ ಹಾಗೆ. 1962ರಲ್ಲಿ ಪೋಪ್ ಇಪ್ಪತ್ತಮೂರನೆಯ ಯೊವಾನ್ನರು ಅದಕ್ಕೆ ಬಸಿಲಿಕ ಎಂಬ ಪದವಿ ಕೊಟ್ಟರು. ಪ್ರತಿ ವರ್ಷ ಆಗಸ್ಟ್ 29ರಿಂದ ಸೆಪ್ಟೆಂಬರ್ 8ರವರೆಗೆ ಜಾತ್ರೆ. ಬೆಂಗಳೂರಿನ ಕಡೆಯಿಂದ ಕಾವಿ ಬಟ್ಟೆ ತೊಟ್ಟು ನಡೆದೇ ಹೋಗುವವರಿದ್ದಾರೆ. ಉಳಿದವರು ಬಸ್ಸು ಮಾಡಿಕೊಂಡು ಹೋಗುತ್ತಾರೆ. ಶುಕ್ರವಾರ ರಾತ್ರಿ ಹೊರಟ ಬಸ್ಸು ಶನಿವಾರ ಪೂಂಡಿ ಮಾತೆಯನ್ನು ತೋರಿಸಿ, ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರವನ್ನೂ ತೋರಿಸಿ, ವೇಳಾಂಕಣ್ಣಿಗೆ ಕರೆದೊಯ್ಯುತ್ತದೆ. ಸಮುದ್ರ ಸ್ನಾನ, ಮುಡಿ, ಮೇಣದ ಬತ್ತಿ, ಅಂಗಡಿ ಬೀದಿ. ಭಾನುವಾರ ಬೆಳಿಗ್ಗೆ "ಬಿಸಿಲೇರೋ ಮುಂಚೆ ಬಿಡ್ಬೇಕು" ಎಂದು ಡ್ರೈವರು ಹಾರನ್ನು ಒತ್ತುತ್ತಾನೆ. ನಲವತ್ತು ಜನ ಕಥೋಲಿಕರು ಮೂರು ದಿನದಲ್ಲಿ ನಾಲ್ಕು ಚರ್ಚು ನೋಡಿ, ಒಂದು ಭಾನುವಾರವನ್ನು ಕಳೆದುಕೊಂಡು ಊರಿಗೆ ಬರುತ್ತಾರೆ. ಅವರಲ್ಲಿ ಯಾರಿಗೂ ಪೂಜೆ ತಪ್ಪಿಸಬೇಕೆಂಬ ಮನಸ್ಸಿರಲಿಲ್ಲ. ಪಟ್ಟಿಯಲ್ಲಿ ಅದೊಂದು ಬರೆದಿರಲಿಲ್ಲ, ಅಷ್ಟೆ.

ಸಾವಿರದ ಆರುನೂರು ವರ್ಷಗಳ ಹಿಂದೆ ಒಬ್ಬ ಹೆಂಗಸು ಈ ಪಟ್ಟಿಯನ್ನು ಇನ್ನೊಂದು ಬಗೆಯಲ್ಲಿ ಮಾಡಿಕೊಂಡಿದ್ದಳು. ಆಕೆಯ ಹೆಸರು ಎಜೇರಿಯಾ. ನಾಲ್ಕನೆಯ ಶತಮಾನದ ಕೊನೆಗೆ, 381ರಿಂದ 384ರ ಸುಮಾರಿನಲ್ಲಿ, ಯುರೋಪಿನ ಪಶ್ಚಿಮದ ಅಂಚಿನಿಂದ ಹೊರಟು ಸಿನಾಯ್ ಬೆಟ್ಟ, ಈಜಿಪ್ಟು, ಜೆರುಸಲೇಮು ಎಲ್ಲ ಸುತ್ತಿ, ಊರಿನಲ್ಲಿದ್ದ ತನ್ನ ಸೋದರಿಯರಿಗೆ ಕಾಗದ ಬರೆದಳು. ಆ ಬರಹದ ಒಂದು ಭಾಗ 1884ರಲ್ಲಿ ಇಟಲಿಯ ಅರೆಜ್ಜೊ ಪಟ್ಟಣದ ಗ್ರಂಥಭಂಡಾರದಲ್ಲಿ ಸಿಕ್ಕಿತು. ಯಾವ ಜಾಗಕ್ಕೆ ಹೋದರೂ ಆಕೆಯ ಕ್ರಮ ಒಂದೇ: ಮೊದಲು ಪ್ರಾರ್ಥನೆ, ಆಮೇಲೆ ಆ ಜಾಗಕ್ಕೆ ಸಂಬಂಧಿಸಿದ ಬೈಬಲಿನ ಭಾಗವನ್ನು ಅಲ್ಲೇ ನಿಂತು ಓದುವುದು, ಒಂದು ಕೀರ್ತನೆ, ಮತ್ತೆ ಪ್ರಾರ್ಥನೆ. ನೋಡುವುದೂ ಆರಾಧಿಸುವುದೂ ಆಕೆಗೆ ಎರಡು ಕೆಲಸವಾಗಿರಲಿಲ್ಲ.

ಜೆರುಸಲೇಮಿನ ಶುಭ ಶುಕ್ರವಾರವನ್ನೂ ಎಜೇರಿಯಾ ಕಂಡಿದ್ದಳು. ಶಿಲುಬೆಯ ಮರವೆಂದು ನಂಬಲಾಗಿದ್ದ ತುಂಡನ್ನು ಮೇಜಿನ ಮೇಲಿಟ್ಟು, ಬಿಷಪ್ಪರು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದು ಕೂರುತ್ತಿದ್ದರಂತೆ. ಸುತ್ತ ಕಾವಲಿಗೆ ಸೇವಕರು. ಜನ ಒಬ್ಬೊಬ್ಬರಾಗಿ ಬಂದು ಬಾಗಿ ಮುತ್ತಿಟ್ಟು ಹೋಗಬೇಕು. ಇಷ್ಟು ಕಾವಲು ಯಾಕೆ? ಹಿಂದೆ ಯಾರೋ ಒಬ್ಬ ಮುತ್ತಿಡುವ ನೆಪದಲ್ಲಿ ಆ ಮರವನ್ನು ಹಲ್ಲಿನಿಂದ ಕಚ್ಚಿ ಚೂರು ಕದ್ದೊಯ್ದಿದ್ದನಂತೆ! ಯಾತ್ರೆಯಿಂದ ಏನಾದರೊಂದು ಮನೆಗೆ ತರಲೇಬೇಕು ಎಂಬ ಚಪಲ ಇವತ್ತಿನದಲ್ಲ.

ಎಜೇರಿಯಾಳ ಕ್ರಮವನ್ನು ವೇಳಾಂಕಣ್ಣಿಯ ಬಸ್ಸಿನಲ್ಲಿ ಕೂತ ವಿದ್ಯಾರ್ಥಿಯೂ ಅನುಸರಿಸಬಹುದು, ಅದಕ್ಕೆ ತಮಿಳು ಬರಬೇಕೆಂದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ (1962ರಿಂದ 65) ನಡೆಯುವವರೆಗೆ ಪೂಜೆ ಬಹುಪಾಲು ಕಡೆ ಲ್ಯಾಟಿನ್ನಿನಲ್ಲಿತ್ತು. ಆಮೇಲೆ ಜನರ ಭಾಷೆಗೆ ಬಂತು. ಭಾಷೆ ಬದಲಾದರೂ ಪೂಜೆಯ ಕ್ರಮ ಒಂದೇ ಉಳಿದಿದೆ. ಆ ದಿನದ ವಾಚನಗಳೂ ಸಾಮಾನ್ಯವಾಗಿ ಎಲ್ಲೆಡೆ ಅವೇ. ಕನಕಪುರದ ಹುಡುಗಿ ಅಂದಿನ ವಾಚನಗಳನ್ನು ಕನ್ನಡ ಬೈಬಲಿನಲ್ಲಿ ಮೊದಲೇ ಓದಿಕೊಂಡರೆ, ವೇಳಾಂಕಣ್ಣಿಯಲ್ಲಿ ತಮಿಳು ಗುರುಗಳು ಏನು ಓದುತ್ತಿದ್ದಾರೆಂದು ಅವಳಿಗೆ ಗೊತ್ತಿರುತ್ತದೆ. ಬಸ್ಸಿನ ಮುಂಗಡ ಕೊಡುವ ಮುಂಚೆ ಹಿರಿಯರು ಕೇಳಬೇಕಾದ ಪ್ರಶ್ನೆ ಒಂದೇ: ಶನಿವಾರ ಸಂಜೆಯೋ ಭಾನುವಾರವೋ, ಪೂಜೆ ಎಷ್ಟು ಗಂಟೆಗೆ, ಆ ಹೊತ್ತಿಗೆ ನಾವು ಎಲ್ಲಿರುತ್ತೇವೆ? ಪರಮಪ್ರಸಾದ ಸ್ವೀಕರಿಸುವವರು ಅದಕ್ಕೆ ಒಂದು ಗಂಟೆ ಮುಂಚಿನಿಂದ ಏನೂ ತಿನ್ನಬಾರದು. ನೀರು, ಔಷಧಿಗೆ ಅಡ್ಡಿಯಿಲ್ಲ. ಇಡ್ಲಿ ಹೋಟೆಲು ಮೊದಲೋ ಪೂಜೆ ಮೊದಲೋ ಎಂಬ ಜಗಳ ಇದರಿಂದ ತೀರುತ್ತದೆ.

ಇಂಥ ಯಾತ್ರೆಗಳಲ್ಲಿ ಕಥೋಲಿಕರು ಮಾತ್ರ ಇರುವುದಿಲ್ಲ. ಸೆಪ್ಟೆಂಬರ್ 8ರಂದು ಬೆಂಗಳೂರಿನ ಶಿವಾಜಿನಗರದಲ್ಲಿ ಮರಿಯಮ್ಮನವರ ತೇರು ಎಳೆಯುವಾಗ ಯಾರು ಯಾವ ಮತದವರೆಂದು ಕೇಳುವವರಿಲ್ಲ. ಆ ಚರ್ಚು ಪ್ರತಿಷ್ಠಾಪನೆಯಾದದ್ದೂ 1882ರ ಸೆಪ್ಟೆಂಬರ್ 8ರಂದೇ. ಅಲ್ಲಿನ ಮರಿಯಮ್ಮನವರಿಗೆ ಸೀರೆ ಉಡಿಸುತ್ತಾರೆ, ಜನ ಸೀರೆಯನ್ನೇ ಹರಕೆ ಒಪ್ಪಿಸುತ್ತಾರೆ. ಮೈಸೂರು ಜಿಲ್ಲೆಯ ಕೃಷ್ಣರಾಜನಗರದ ಹತ್ತಿರ ಡೋರ್ನಹಳ್ಳಿಯ ಸಂತ ಅಂತೋಣಿಯವರ ಹಬ್ಬ ಜೂನ್ 13ಕ್ಕೆ. ರೈತನೊಬ್ಬ ಹೊಲ ಉಳುವಾಗ ಸಂತರ ಮರದ ವಿಗ್ರಹ ಸಿಕ್ಕಿತೆಂಬುದು ಅಲ್ಲಿನ ಐತಿಹ್ಯ. ನೇಗಿಲಿಗೆ ಸಿಕ್ಕಿದ ದೇವರ ಕತೆ ನಮ್ಮ ಎಷ್ಟು ಊರುಗಳಲ್ಲಿಲ್ಲ! 2019ರಲ್ಲಿ ಆ ಚರ್ಚಿಗೂ ಬಸಿಲಿಕ ಪದವಿ ಬಂತು. ಇನ್ನು ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ಕ್ಷೇತ್ರದಲ್ಲಿ ಗುರುವಾರ ಕಾಲಿಡಲು ಜಾಗವಿರುವುದಿಲ್ಲ.

ಹೀಗೆ ಸ್ನೇಹಿತರ ಜೊತೆ ಬಂದ ಬೇರೆ ಮತದ ಮಕ್ಕಳು ಪೂಜೆಯ ಹೊತ್ತಿಗೆ ಗಲಿಬಿಲಿಗೊಳ್ಳುತ್ತಾರೆ. ಎಲ್ಲರೂ ಎದ್ದಾಗ ಏಳುವುದು, ಕೂತಾಗ ಕೂರುವುದು ಸುಲಭ. ಮೊಣಕಾಲೂರಲು ಇಷ್ಟವಿಲ್ಲದಿದ್ದರೆ ಸುಮ್ಮನೆ ಕೂತಿದ್ದರೂ ಯಾರೂ ತಪ್ಪು ತಿಳಿಯುವುದಿಲ್ಲ. ಶಾಂತಿಯ ವಂದನೆಯನ್ನು ನಮ್ಮ ದೇಶದಲ್ಲಿ ಕೈಮುಗಿದೇ ಹೇಳುವುದು, ಅದು ಎಲ್ಲರಿಗೂ ಬರುತ್ತದೆ. ಎಷ್ಟೋ ಹಳ್ಳಿಯ ಚರ್ಚುಗಳಲ್ಲಿ ಚಪ್ಪಲಿಯನ್ನು ಹೊರಗೇ ಬಿಡುತ್ತಾರೆ. ಬಾಗಿಲಲ್ಲಿ ಒಮ್ಮೆ ಕಣ್ಣು ಹಾಯಿಸಿದರೆ ಗೊತ್ತಾಗುತ್ತದೆ.

ತೊಡಕು ಬರುವುದು ಒಂದೇ ಜಾಗದಲ್ಲಿ. ಪೂಜೆಯ ಕೊನೆಯ ಭಾಗದಲ್ಲಿ ಎಲ್ಲರೂ ಸಾಲಾಗಿ ಮುಂದೆ ಹೋಗುತ್ತಾರೆ. ಗುರುಗಳು ತೆಳ್ಳಗಿನ ಬಿಳಿ ರೊಟ್ಟಿಯೊಂದನ್ನು ಕೊಡುತ್ತಾರೆ. ಅದರ ಕನ್ನಡದ ಹೆಸರು ಪರಮಪ್ರಸಾದ. ಪ್ರಸಾದ ಎಂಬ ಮಾತು ಕಿವಿಗೆ ಬಿದ್ದ ಹಿಂದೂ ಹುಡುಗ ಏನು ಮಾಡಬೇಕು? ದೇವಸ್ಥಾನದಲ್ಲಿ ಪ್ರಸಾದ ಬೇಡವೆನ್ನುವುದು ಅಪಚಾರವೆಂದು ಅವನ ಮನೆಯಲ್ಲಿ ಹೇಳಿಕೊಟ್ಟಿದ್ದಾರೆ. ಅವನು ಭಕ್ತಿಯಿಂದಲೇ ಸಾಲಿನಲ್ಲಿ ನಿಲ್ಲುತ್ತಾನೆ. ಆದರೆ ಇದು ಆ ಅರ್ಥದ ಪ್ರಸಾದವಲ್ಲ. ಅದು ಕ್ರಿಸ್ತನ ಶರೀರವೇ ಎಂಬುದು ಕಥೋಲಿಕರ ನಂಬಿಕೆ. ದೀಕ್ಷಾಸ್ನಾನ ಪಡೆದು, ತಯಾರಿ ಮಾಡಿಕೊಂಡ ಕಥೋಲಿಕರಿಗೆ ಮಾತ್ರ ಅದನ್ನು ಕೊಡುತ್ತಾರೆ. ಅವರ ಮಕ್ಕಳಿಗೂ ಮೊದಲ ಪರಮಪ್ರಸಾದದ ದಿನ ಬರುವವರೆಗೆ ಕೊಡುವುದಿಲ್ಲ. ಗೊತ್ತಿಲ್ಲದ ಹುಡುಗ ಅದನ್ನು ಮನೆಗೆ ಒಯ್ಯೋಣವೆಂದು ಜೇಬಿಗೆ ಹಾಕಿಕೊಂಡರೆ, ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ, ಯಾರೋ ಗದರುತ್ತಾರೆ, ಹುಡುಗ ಕಣ್ಣಲ್ಲಿ ನೀರು ತುಂಬಿಕೊಂಡು ಹೊರಗೆ ಬರುತ್ತಾನೆ. ತಪ್ಪು ಯಾರದು? ಕರೆದುಕೊಂಡು ಬಂದ ಗೆಳೆಯನದು. ಒಂದು ಮಾತು ಮೊದಲೇ ಹೇಳಿದ್ದರೆ ಮುಗಿಯುತ್ತಿತ್ತು: "ಎಲ್ಲರೂ ಸಾಲಿಗೆ ಹೋಗುವಾಗ ನೀನು ಇಲ್ಲೇ ಕೂತಿರು ಕಣೋ, ನಾನು ಬರ್ತೀನಿ." ಪೂಜೆ ಮುಗಿದ ಮೇಲೆ ಹೊರಗೆ ಹಂಚುವ ಸಿಹಿಯೋ ಊಟವೋ ಇದ್ದರೆ ಅದು ಎಲ್ಲರದು, ಅದನ್ನು ಧಾರಾಳವಾಗಿ ತಿನ್ನಬಹುದು.

ಶುಭ ಶುಕ್ರವಾರದ ಆರಾಧನೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತ ಆ ಗೆಳೆಯನಿಗೂ ಪಾಲಿದೆ. ಅಂದಿನ ಹತ್ತು ಪ್ರಾರ್ಥನೆಗಳಲ್ಲಿ ಒಂದು ಕ್ರಿಸ್ತನನ್ನು ನಂಬದವರಿಗಾಗಿ, ಇನ್ನೊಂದು ದೇವರನ್ನೇ ನಂಬದವರಿಗಾಗಿ, ಮತ್ತೊಂದು ನಾಡನ್ನು ಆಳುವವರಿಗಾಗಿ. ಕಪಾಲಬೆಟ್ಟದ ಮೇಲೆ ವಾದ ಮಾಡಿದ ಎರಡೂ ಕಡೆಯವರು ಇದರೊಳಗೆ ಎಲ್ಲೋ ಒಂದು ಕಡೆ ಬಂದೇ ಬರುತ್ತಾರೆ.

ಮತ್ತೆ ಕನಕಪುರದ ಮನೆಗೆ ಬರೋಣ. ಅಲ್ಲಿ ಚರ್ಚೆ ಮುಗಿದಿಲ್ಲ. ಅಜ್ಜಿ ಈಗ ಹೊಸ ಅಸ್ತ್ರ ತೆಗೆದಿದ್ದಾರೆ.

"ಅವಳು ಪಾಸಾದ್ರೆ ಬರಿಗಾಲಲ್ಲಿ ಬೆಟ್ಟ ಹತ್ತಿಸ್ತೀನಿ, ವೇಳಾಂಕಣ್ಣೀಲಿ ಮುಡಿ ಕೊಡಿಸ್ತೀನಿ ಅಂತ ಹರಕೆ ಹೊತ್ತಿದ್ದೀನಿ."

"ಅಯ್ಯೋ, ನನ್ನ ಜಡೆ!" ಎಂದು ಹುಡುಗಿ.

ಇದು ನಗುವ ಮಾತಲ್ಲ. ಮಕ್ಕಳ ಹೆಸರಿನಲ್ಲಿ ಹಿರಿಯರು ಹೊತ್ತ ಹರಕೆಗಳು ಎಷ್ಟೋ ಮನೆಗಳಲ್ಲಿ ಫಲಿತಾಂಶಕ್ಕಿಂತ ಹೆಚ್ಚಿನ ಭಯವಾಗಿ ಮಕ್ಕಳ ತಲೆಯ ಮೇಲೆ ಕೂರುತ್ತವೆ. ಹುಡುಗಿಗೆ ಗಣಿತ ಕಷ್ಟವಾದರೆ ಅದು ಗಣಿತದ ಕಷ್ಟವಾಗಿ ಉಳಿಯುವುದಿಲ್ಲ, ತಾನು ಬೆಟ್ಟಕ್ಕೆ ಹೋಗದ್ದರಿಂದ ಹೀಗಾಯಿತು ಎಂದು ರಾತ್ರಿಯೆಲ್ಲ ಕೊರಗುತ್ತಾಳೆ. ಕೆಲವು ವರ್ಷ ಕಳೆದು ಮದುವೆ ತಡವಾದರೂ ಅದೇ ತೀರದ ಹರಕೆಯ ಮಾತು ಬರುತ್ತದೆ. ಈ ವಿಷಯದಲ್ಲಿ ಧರ್ಮಸಭೆಯ ಕಾನೂನು ಅಚ್ಚರಿಯಾಗುವಷ್ಟು ಸ್ಪಷ್ಟವಾಗಿದೆ. ಸಂಹಿತೆಯ 1193ನೆಯ ವಿಧಿಯ ಪ್ರಕಾರ ಹರಕೆ ಅದನ್ನು ಹೊತ್ತವರನ್ನು ಮಾತ್ರ ಕಟ್ಟುತ್ತದೆ. ಅಜ್ಜಿ ಹೊತ್ತ ಹರಕೆ ಅಜ್ಜಿಯದು; ಮುಡಿ ಕೊಡಬೇಕಾದರೆ ಅಜ್ಜಿಯ ಮುಡಿ! 1197ನೆಯ ವಿಧಿಯಂತೆ, ಹರಕೆ ಹೊತ್ತವರು ಅದನ್ನು ಅಷ್ಟೇ ಒಳ್ಳೆಯ ಅಥವಾ ಅದಕ್ಕಿಂತ ಒಳ್ಳೆಯ ಇನ್ನೊಂದು ಕೆಲಸಕ್ಕೆ ತಾವೇ ಬದಲಾಯಿಸಿಕೊಳ್ಳಬಹುದು. ಮೊಣಕಾಲು ನೋವಿನ ಅಜ್ಜಿ ಬರಿಗಾಲಿನ ಬೆಟ್ಟದ ಬದಲು ಒಂದು ಬಡ ಮಗುವಿನ ಪುಸ್ತಕದ ಖರ್ಚು ವಹಿಸಿಕೊಂಡರೆ ಆಯಿತು. ಅದೂ ಆಗದಿದ್ದರೆ, ತಕ್ಕ ಕಾರಣವಿದ್ದು ಬೇರೆ ಯಾರ ಹಕ್ಕಿಗೂ ಧಕ್ಕೆಯಿಲ್ಲದಿದ್ದರೆ, ಹರಕೆಯಿಂದ ಬಿಡುಗಡೆ ಮಾಡುವ ಅಧಿಕಾರ ಊರಿನ ಧರ್ಮಗುರುಗಳಿಗೇ ಇದೆ. ದಾರಿಹೋಕ ಯಾತ್ರಿಕರನ್ನು ಸಹ ಅವರು ಬಿಡಿಸಬಹುದು. ಹರಕೆ ತೀರಿಸಲಾಗದೆ ಹತ್ತಾರು ವರ್ಷ ಹೆದರಿ ಬದುಕಿದವರಲ್ಲಿ ಗುರುಗಳನ್ನು ಒಮ್ಮೆ ಹೋಗಿ ಕೇಳಿದವರು ಎಷ್ಟು ಜನ?

ಉಪವಾಸದ ಲೆಕ್ಕವೂ ಹೀಗೆಯೇ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ ಕಡ್ಡಾಯವಾಗುವುದು ಹದಿನೆಂಟು ತುಂಬಿದ ಮೇಲೆ, ಐವತ್ತೊಂಬತ್ತು ತುಂಬುವವರೆಗೆ. ಮಾಂಸ ಬಿಡುವುದು ಹದಿನಾಲ್ಕು ತುಂಬಿದವರಿಗೆ. ಹತ್ತನೇ ತರಗತಿಯ ಹುಡುಗಿಗೆ ಸಾರು ಅನ್ನ ತಿನ್ನಲು ಯಾವ ತಡೆಯೂ ಇಲ್ಲ. ಎಪ್ಪತ್ತರ ಅಜ್ಜಿಗೂ ಇಲ್ಲ. ಆದರೂ ನೀರನ್ನೂ ಮುಟ್ಟದೆ ಏಪ್ರಿಲ್ ಬಿಸಿಲಿನಲ್ಲಿ ಬೆಟ್ಟ ಹತ್ತುವವರಲ್ಲಿ ಈ ಇಬ್ಬರೇ ಮುಂದು. ಕಟ್ಟಳೆ ನಿಜವಾಗಿ ಅನ್ವಯಿಸುವ ನಲವತ್ತರ ತಂದೆ ಪೇಪರು ಓದುತ್ತಾ ಎರಡನೆಯ ಲೋಟ ಕಾಫಿ ಕೇಳುತ್ತಾರೆ.

"ಹಂಗಾದ್ರೆ ಇವಳು ಬರೋದು ಬೇಡ್ವಾ?" ಎಂದು ಅಜ್ಜಿ ಕೊನೆಗೆ ಕೇಳುತ್ತಾರೆ. ದನಿ ಸಣ್ಣದಾಗಿದೆ. ಅವರ ಹಟದೊಳಗೆ ಇನ್ನೊಂದು ಸಂಗತಿಯಿದೆ, ಅದನ್ನು ಯಾವ ಕಾನೂನಿನ ವಿಧಿಯೂ ಅಳೆಯುವುದಿಲ್ಲ. ಮಗುವಾಗಿದ್ದಾಗ ಅವರನ್ನು ಬೆಟ್ಟಕ್ಕೆ ಹೆಗಲ ಮೇಲೆ ಹೊತ್ತು ಹೋದವರು ಅವರ ತಂದೆ. ಈಗ ಅವರ ಕೈಹಿಡಿದು ಹತ್ತಿಸುವವರು ಬೇಕು. ಮುಂದಿನ ವರ್ಷ ಮೊಣಕಾಲು ಹೇಗಿರುತ್ತದೋ.

ತಾಯಿ ಸೌಟು ಇಟ್ಟು ಬಂದು ಕ್ಯಾಲೆಂಡರು ನೋಡುತ್ತಾರೆ. ಪರೀಕ್ಷೆ ಮುಗಿಯುವ ದಿನದ ಮೇಲೆ ಪೆನ್ನಿನಿಂದ ಸುತ್ತು ಹಾಕಿದೆ. ಬೆಟ್ಟ ಅಲ್ಲೇ ಇರುತ್ತದೆ. ಶಿಲುಬೆ ಹಾದಿಯನ್ನು ಇಂಥ ದಿನವೇ ಮಾಡಬೇಕೆಂದೂ ಇಲ್ಲ, ವರ್ಷದ ಯಾವ ದಿನವಾದರೂ ಆದೀತು.

"ಇವತ್ತು ಮೂರು ಗಂಟೆ ಆರಾಧನೆಗೆ ಇಲ್ಲೇ ಚರ್ಚಿಗೆ ಹೋಗಿ ಬರ್ಲಿ, ಎರಡು ಗಂಟೆ ಓದು ಕೆಟ್ರೆ ಏನೂ ಆಗಲ್ಲ" ಎನ್ನುತ್ತಾರೆ ತಾಯಿ. "ಅತ್ತೆ, ಪರೀಕ್ಷೆ ಮುಗಿದ ಮಾರನೇ ದಿನ ನೀವು ಇವಳು ಇಬ್ರೇ ಬೆಟ್ಟಕ್ಕೆ ಹೋಗಿ. ಆವಾಗ ಜನ ಇರಲ್ಲ. ಹದಿನಾಲ್ಕು ಕಡೆನೂ ಕೂತು ಕೂತು ಹತ್ತಬಹುದು."

"ನಾನ್ಯಾಕೆ ಕೂತು ಕೂತು ಹತ್ತಲಿ?" ಎನ್ನುತ್ತಾರೆ ಅಜ್ಜಿ.

ಪೇಪರಿನ ಹಿಂದಿನಿಂದ ತಂದೆ, "ಬಸ್ಸು ಬೆಳಿಗ್ಗೆ ಎಷ್ಟೊತ್ತಿಗೆ ಇದೆ ಅಂತ ನಾನು ಕೇಳ್ಕೊಂಡು ಬತ್ತೀನಿ" ಎನ್ನುತ್ತಾರೆ.